ಕೀಟ ಹತೋಟಿ ಅಂಗಡಿಯ ಕೆಲಸವಲ್ಲ, ಸಂಘದ ಕೆಲಸ



ಪ್ರತಿ ವರ್ಷ ಮುಂಗಾರಿಗೆ ಮುಂಚೆ ನಮ್ಮ ಸಂಘದ ಮಳಿಗೆಯ ಕಟ್ಟೆಯ ಮೇಲೆ ಒಂದೇ ಬಗೆಯ ಮಾತು ಕೇಳಿಬರುತ್ತದೆ. "ಹೋದ ಸಲದ ಔಷಧಿ ನಾಟಲಿಲ್ಲ, ಇನ್ನೂ ಜೋರಾದ್ದು ಇದ್ದರೆ ಕೊಡಿ." ಮಳಿಗೆಯವರು ಕಪಾಟಿನಿಂದ ಒಂದು ಡಬ್ಬ ತೆಗೆದು ಕೊಡುತ್ತಾರೆ, ರಸೀದಿ ಬರೆಯುತ್ತಾರೆ. ಯಾವ ಹುಳ, ಗಿಡದ ಯಾವ ಭಾಗಕ್ಕೆ ಬಿದ್ದಿದೆ, ನೂರು ಗಿಡದಲ್ಲಿ ಎಷ್ಟಕ್ಕೆ ತಗುಲಿದೆ ಎಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಈ ಲೋಪದಲ್ಲಿ ಕಾರ್ಯದರ್ಶಿಯಾದ ನಮ್ಮ ಪಾಲು ಎಲ್ಲರಿಗಿಂತ ಹೆಚ್ಚಿನದು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಕೀಟನಾಶಕದ ಮಾರಾಟದಿಂದ ಬರುವ ಕಮಿಷನ್ನು ಸಂಘದ ಖರ್ಚುವೆಚ್ಚಕ್ಕೆ ಒಂದು ಆಧಾರ. ಆ ಆಧಾರವನ್ನು ಅಲುಗಾಡಿಸುವ ಮಾತನ್ನೇ ಇಲ್ಲಿ ಆಡಹೊರಟಿದ್ದೇವೆ. ಸದಸ್ಯರು ಸಾವಧಾನದಿಂದ ಓದಿ, ಮಹಾಸಭೆಯಲ್ಲಿ ಚರ್ಚಿಸಬೇಕೆಂದು ವಿನಂತಿ.

ಮೊದಲು ನಾವು ನಡೆದುಬಂದ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡೋಣ. ನಮ್ಮ ತಂದೆಯವರ ಕಾಲದಲ್ಲಿ ಕಾಫಿಯ ಕಾಂಡಕೊರಕಕ್ಕೆ, ನಾವೆಲ್ಲ ಬೋರರ್ ಎಂದು ಕರೆಯುವ ಹುಳಕ್ಕೆ, ಗೆಮಾಕ್ಸಿನ್ ಎಂಬ ಬಿ.ಎಚ್.ಸಿ. ಪುಡಿಯೇ ಸರ್ವಸ್ವವಾಗಿತ್ತು. ಅದೇ ಪುಡಿ ಅಟ್ಟದ ಮೇಲಿನ ಭತ್ತದ ಕಣಜದ ಸುತ್ತ ಬೀಳುತ್ತಿತ್ತು, ಇರುವೆಗೂ ಬೀಳುತ್ತಿತ್ತು. ಡಿ.ಡಿ.ಟಿ.ಯನ್ನು ಬೇಸಾಯದ ಬಳಕೆಯಿಂದ 1989ರಲ್ಲಿ ಹಿಂತೆಗೆದುಕೊಂಡರು. ಬಿ.ಎಚ್.ಸಿ. 1997ರಲ್ಲಿ ನಿಷೇಧಕ್ಕೆ ಒಳಗಾಯಿತು. ಅದರ ಸ್ಥಾನಕ್ಕೆ ಬಂದ ಲಿಂಡೇನ್ ಸಹ 2013ರಲ್ಲಿ ಹೋಯಿತು. ಕಾಫಿಯ ಕಾಯಿಕೊರಕಕ್ಕೆ ಶಿಫಾರಸಾಗಿದ್ದ ಎಂಡೋಸಲ್ಫಾನನ್ನು 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಹಿಡಿಯಿತು. ಕಾಸರಗೋಡಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಕಾಲ ಆಕಾಶದಿಂದ ಅದನ್ನು ಸುರಿದದ್ದರ ಫಲವನ್ನು ಅಲ್ಲಿನ ಹಳ್ಳಿಗಳು ಇಂದಿಗೂ ಉಣ್ಣುತ್ತಿವೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯ ಮನೆಗಳಲ್ಲಿ ಹಾಸಿಗೆ ಬಿಟ್ಟು ಏಳಲಾರದ ಮಕ್ಕಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇವುಗಳಲ್ಲಿ ಪ್ರತಿಯೊಂದನ್ನೂ ನಮ್ಮ ಕೈಗೆ ಕೊಡುವಾಗ "ಇದು ಕೊನೆಯ ಮದ್ದು" ಎಂದೇ ಹೇಳಿದ್ದರು. ಪ್ರತಿಯೊಂದನ್ನೂ ಮುಂದೆ ಒಂದು ದಿನ "ಇನ್ನು ಮುಟ್ಟಬೇಡಿ" ಎಂದರು. ಈಗ ನಮ್ಮ ಕಪಾಟಿನಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಕ್ಲೋರ್‌ಪೈರಿಫಾಸ್‌ನ ಗತಿಯೂ ಬೇರೆಯಾಗುವಂತೆ ಕಾಣುವುದಿಲ್ಲ. ಯೂರೋಪಿನ ಒಕ್ಕೂಟ 2020ರಲ್ಲಿ ಅದರ ಪರವಾನಗಿಯನ್ನು ನವೀಕರಿಸಲಿಲ್ಲ. ಅಲ್ಲಿಗೆ ಹೋಗುವ ಆಹಾರ ಪದಾರ್ಥದಲ್ಲಿ ಅದರ ಶೇಷಾಂಶಕ್ಕೆ ಈಗ ಇಟ್ಟಿರುವ ಮಿತಿ ಬಹುತೇಕ ಕಿಲೋಗ್ರಾಮಿಗೆ 0.01 ಮಿಲಿಗ್ರಾಂ. ಲೆಕ್ಕ ಹಾಕಿದರೆ ನೂರು ಟನ್ನಿಗೆ ಒಂದು ಗ್ರಾಂ. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಅದು ಕೆಲವು ವಿನಾಯಿತಿಗಳೊಂದಿಗೆ ಸೇರಿದೆ. ನಮ್ಮ ದೇಶದ ಕಾಫಿಯಲ್ಲಿ ಬಹುಪಾಲು ಹೊರದೇಶಕ್ಕೆ, ಅದರಲ್ಲೂ ಇಟಲಿ, ಜರ್ಮನಿಯಂಥ ದೇಶಗಳಿಗೆ ಹೋಗುತ್ತದೆ. ಎರಡೆಕರೆ ತೋಟದವನ ಚೆರ್ರಿಯೂ ಇನ್ನೂರು ಎಕರೆಯವನ ಚೆರ್ರಿಯೂ ಕ್ಯೂರಿಂಗ್ ವರ್ಕ್ಸಿನಲ್ಲಿ ಒಂದೇ ರಾಶಿಗೆ ಬೀಳುತ್ತವೆ. ಒಬ್ಬನ ಅಚಾತುರ್ಯಕ್ಕೆ ಇಡೀ ಲಾಟು ತಿರಸ್ಕಾರವಾದರೆ ದರ ಇಳಿಯುವುದು ಎಲ್ಲರಿಗೂ.

ಆದ್ದರಿಂದ ಈ ಡಬ್ಬ ಹೋದ ಮೇಲೆ ಯಾವ ಡಬ್ಬ ಎಂದು ಕಾದು ಕೂರುವುದರಲ್ಲಿ ಅರ್ಥವಿಲ್ಲ. ತೋಟದಲ್ಲಿ ಈಗಾಗಲೇ ನಮ್ಮ ಪರವಾಗಿ ಕೆಲಸ ಮಾಡುತ್ತಿರುವವರು ಯಾರು, ಅವರಿಗೆ ನಾವು ಮಾಡುತ್ತಿರುವ ಅಡ್ಡಿ ಏನು ಎಂಬುದನ್ನು ತಿಳಿಯಬೇಕು.

ಕಾಫಿಯ ಹಿಟ್ಟುತಿಗಣೆಯನ್ನೇ ನೋಡಿ. ಈ ದೇಶಕ್ಕೆ ಆಸ್ಟ್ರೇಲಿಯಾದ ಒಂದು ಗುಲಗಂಜಿ ಹುಳವನ್ನು 1898ರಷ್ಟು ಹಿಂದೆಯೇ ತಂದರು. ತಂದದ್ದು ಕಾಫಿಯ ಹಸಿರು ಶಲ್ಕಕೀಟಕ್ಕೆಂದು, ಆದರೆ ಅದು ನೆಲೆಯೂರಿದ್ದು ಹಿಟ್ಟುತಿಗಣೆಯ ಮೇಲೆ. ಕ್ರಿಪ್ಟೋಲೀಮಸ್ ಎಂದು ಅದರ ಹೆಸರು. ಅದರ ಮರಿಯ ಮೈಮೇಲೂ ಬಿಳಿ ಮೇಣದ ಎಳೆಗಳಿರುವುದರಿಂದ ಎಷ್ಟೋ ಮಂದಿ ಅದನ್ನೇ ದೊಡ್ಡ ಹಿಟ್ಟುತಿಗಣೆ ಎಂದು ತಿಳಿದು ಉಜ್ಜಿ ಕೊಲ್ಲುತ್ತಾರೆ. ಮನೆ ಕಾಯುವ ನಾಯಿಯನ್ನು ಕಳ್ಳನೆಂದು ಹೊಡೆದಂತೆ ಇದು. 1983ರಲ್ಲಿ ವೆಸ್ಟ್ ಇಂಡೀಸಿನ ಟ್ರಿನಿಡಾಡ್‌ನಿಂದ ಲೆಪ್ಟೋಮ್ಯಾಸ್ಟಿಕ್ಸ್ ಎಂಬ ಪುಟ್ಟ ಕಣಜವನ್ನು ತರಿಸಿಕೊಂಡರು. ಅದು ಹಿಟ್ಟುತಿಗಣೆಯ ಒಡಲೊಳಗೇ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದಲೇ ತಿಗಣೆಯನ್ನು ತಿಂದು ಹೊರಬರುತ್ತದೆ. ಆದರೆ ಇವೆರಡಕ್ಕೂ ಇರುವೆಯ ಕಾಟ ತಪ್ಪಬೇಕು. ತಿಗಣೆ ಸುರಿಸುವ ಸಿಹಿರಸಕ್ಕಾಗಿ ಇರುವೆ ಅದನ್ನು ದನ ಕಾಯುವಂತೆ ಕಾಯುತ್ತದೆ, ಶತ್ರುಗಳನ್ನು ಹತ್ತಿರಕ್ಕೆ ಬಿಡುವುದಿಲ್ಲ. ಇರುವೆಯ ಗೂಡನ್ನು ಹುಡುಕಿ ತೆಗೆಯುವ ಕೆಲಸ ಬಿಟ್ಟು ಇಡೀ ತೋಟಕ್ಕೆ ವಿಷ ಹೊಡೆದರೆ ಮೊದಲು ಸಾಯುವುದು ಕಣಜ ಮತ್ತು ಗುಲಗಂಜಿ ಹುಳ. ಮೇಣದ ಹೊದಿಕೆಯೊಳಗೆ, ಬೇರಿನ ಸಂದಿಯಲ್ಲಿ ಅಡಗಿದ ತಿಗಣೆ ಉಳಿಯುತ್ತದೆ. ಆರು ವಾರದಲ್ಲಿ ಅದು ಮೊದಲಿಗಿಂತ ಹೆಚ್ಚಾಗಿ ಏಳುತ್ತದೆ, ನಾವು ಮತ್ತೆ ಮಳಿಗೆಗೆ ಬಂದು ಜೋರಾದ ಔಷಧಿ ಕೇಳುತ್ತೇವೆ.

ಇದು ಬರಿಯ ಪುಸ್ತಕದ ಮಾತಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟುತಿಗಣೆ ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು ಬೆಳೆದವರನ್ನು ಕಣ್ಣೀರಿಡಿಸಿತು. ಔಷಧಿ ಹೊಡೆದಷ್ಟೂ ಹೆಚ್ಚಿತು. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆಯವರು ಪೋರ್ಟೊ ರಿಕೊದಿಂದ ಅದರ ಸಹಜ ಶತ್ರುವಾದ ಕಣಜಗಳನ್ನು ತರಿಸಿ ಬಿಟ್ಟರು. ಕೆಲವೇ ತಿಂಗಳಲ್ಲಿ ತಿಗಣೆ ಅಡಗಿತು. 2016ರಲ್ಲಿ ಪೊಳ್ಳಾಚಿಯ ತೆಂಗಿಗೆ ಬಂದು ಮುಂದೆ ನಮ್ಮ ಕರಾವಳಿಯ ತೆಂಗು, ಅಡಿಕೆಗೂ ಹಬ್ಬಿದ ಸುರುಳಿ ಬಿಳಿನೊಣದ ವಿಷಯದಲ್ಲಿ ವಿಜ್ಞಾನಿಗಳು ಕೊಟ್ಟ ಮೊದಲ ಸಲಹೆಯೇ "ಕೀಟನಾಶಕ ಹೊಡೆಯಬೇಡಿ" ಎಂಬುದು. ಎನ್‌ಕಾರ್ಸಿಯಾ ಎಂಬ ಕಣಜ ತಾನಾಗಿಯೇ ಅದರ ಬೆನ್ನಟ್ಟಿ ಬಂದಿತ್ತು. ಹೊಡೆದರೆ ಅದೇ ಸಾಯುತ್ತಿತ್ತು.

ಹಾಗೆಂದು "ನೈಸರ್ಗಿಕ" ಎಂಬ ಹಣೆಪಟ್ಟಿ ಅಂಟಿಸಿದ್ದೆಲ್ಲ ಅಮೃತವೆಂದು ನಾವು ಹೇಳುವುದಿಲ್ಲ. ಹೊಗೆಸೊಪ್ಪಿನ ಕಷಾಯ ಗಿಡದಿಂದಲೇ ಬಂದದ್ದು. ಆದರೂ ಅದರಲ್ಲಿರುವ ನಿಕೋಟಿನ್ ಘೋರ ವಿಷ, ಹೊಡೆಯುವವನ ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಬೇವಿನ ಸಾರ ಒಳ್ಳೆಯದು, ಆದರೆ ಬಿಸಿಲಿಗೆ ಬೇಗ ಕೆಡುತ್ತದೆ. ನಡುಮಧ್ಯಾಹ್ನ ಹೊಡೆದವನಿಗೆ ನೀರು ಹೊಡೆದಷ್ಟೇ ಫಲ. ಒಬ್ಬರ ತೋಟದಲ್ಲಿ ಹುಳ ಕಡಿಮೆಯಾದ ವರ್ಷ ಅವರು ಯಾವ ಕಷಾಯ ಎರಚಿದ್ದರೋ ಅದಕ್ಕೇ ಕೀರ್ತಿ ಸಲ್ಲುತ್ತದೆ. ಆ ವರ್ಷ ಮಳೆ ಹೇಗಿತ್ತು, ಪಕ್ಕದಲ್ಲಿ ಹೊಡೆಯದೆ ಬಿಟ್ಟ ಸಾಲು ಹೇಗಿತ್ತು ಎಂದು ನೋಡಿದವರಿಲ್ಲ. ಪಕ್ಕದ ಸಾಲನ್ನು ನೋಡದೆ ಹೇಳುವ ಮಾತು ಕಂಪನಿಯ ಜಾಹೀರಾತಿಗಿಂತ ಹೆಚ್ಚು ನಂಬಲರ್ಹವೆಂದು ನಮಗೆ ತೋರುವುದಿಲ್ಲ.

ಅಡಿಕೆಯ ಕೊಳೆರೋಗದ ವಿಷಯದಲ್ಲಂತೂ ಸ್ಪಷ್ಟವಾಗಿಯೇ ಹೇಳಬೇಕು. ಹಿಂದಿನವರು ಗೊನೆಗೆ ಕರಡದ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್‌ರವರು ಈ ರೋಗದ ಶಿಲೀಂಧ್ರವನ್ನು ಗುರುತಿಸಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ನೂರು ವರ್ಷ ದಾಟಿದ ಮೇಲೂ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣವೇ ನಮ್ಮನ್ನು ಕಾಪಾಡುತ್ತಿದೆ. ಅದಕ್ಕೆ ಸರಿಸಮನಾದ ಜೈವಿಕ ಮದ್ದು ಇಂದು ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಬೋರ್ಡೋ ಬಿಡಿ ಎಂದು ನಾವು ಯಾರಿಗೂ ಹೇಳಲಾರೆವು. ಆದರೆ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವ ವಸ್ತುವಲ್ಲ, ವರ್ಷ ವರ್ಷವೂ ಸೇರುತ್ತಲೇ ಇರುತ್ತದೆ. ಕತ್ತಿಯ ಅಲಗನ್ನು ಅದ್ದಿ ಪರೀಕ್ಷಿಸಿ ಹದವಾಗಿ ತಯಾರಿಸಿದ್ದನ್ನು ಗೊನೆಗೆ ಬೀಳುವಂತೆ ಹೊಡೆಯಬೇಕು. ಉದುರಿದ ಕೊಳೆ ಅಡಿಕೆಯನ್ನು ಹೆಕ್ಕಿ ತೋಟದಿಂದಾಚೆ ಹಾಕಿದರೆ, ಬಸಿಗಾಲುವೆ ಬಿಡಿಸಿದರೆ, ಮೂರನೆಯ ಸಲ ಹೊಡೆಯುವ ಪ್ರಮೇಯ ಎಷ್ಟೋ ಕಡೆ ತಪ್ಪುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಜೈವಿಕ ಹತೋಟಿ ನಮ್ಮಲ್ಲಿ ಸೋತ ಕಡೆಗಳಲ್ಲೆಲ್ಲ ನೋಡಿದರೆ, ಸೋತದ್ದು ಆ ಜೀವಿಯ ದೋಷದಿಂದಲ್ಲ. ಒಬ್ಬೊಬ್ಬರೇ ಮಾಡಿದ್ದರಿಂದ ಸೋತಿದೆ.

ಕಾಯಿಕೊರಕವನ್ನು ತೆಗೆದುಕೊಳ್ಳಿ. 1990ರಲ್ಲಿ ನೀಲಗಿರಿಯ ಗುಡಲೂರಿನಲ್ಲಿ ಮೊದಲು ಕಂಡ ಈ ಹುಳ ವಯನಾಡು, ಕೊಡಗಿನ ದಾರಿಯಾಗಿ ನಮ್ಮ ಕಡೆಗೂ ಬಂತು. ಹೆಣ್ಣು ಹುಳ ಹಣ್ಣಿನ ಹೊಕ್ಕುಳಿನಲ್ಲಿ ಕೊರೆದು ಒಳಗೆ ಹೋಗಿ ಬೀಜದಲ್ಲಿ ಸಂಸಾರ ಹೂಡುತ್ತದೆ. ಒಳಗೆ ಸೇರಿದ ಮೇಲೆ ಯಾವ ಸಿಂಪಡಣೆಯೂ ಅದನ್ನು ಮುಟ್ಟುವುದಿಲ್ಲ. ಕೊಯ್ಲಾದ ಮೇಲೆ ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಕಾಯಿಯಲ್ಲಿ ಅದು ಮುಂದಿನ ಫಸಲಿನವರೆಗೆ ಬದುಕಿರುತ್ತದೆ. ಆದ್ದರಿಂದ ಉಳಿಕೆ ಕಾಯಿ ಕೊಯ್ದು, ಉದುರು ಕಾಯಿ ಹೆಕ್ಕಿ, ಕುದಿನೀರಿನಲ್ಲಿ ಅದ್ದಿ ಒಣಗಿಸುವುದೇ ಮೊದಲ ಮದ್ದು. ಮನೆಗೆ ತಂದ ಕಾಫಿಯನ್ನು ಅರೇಬಿಕಾ ಚೆರ್ರಿಯಾದರೆ ಶೇ 10.5, ರೋಬಸ್ಟಾ ಚೆರ್ರಿಯಾದರೆ ಶೇ 11ರ ತೇವಕ್ಕೆ ಒಣಗಿಸಿದರೆ ಗೋದಾಮಿನಲ್ಲಿ ಅದು ಮರಿ ಹಾಕಲಾರದು. ಮಳೆಗಾಲದ ತೇವದಲ್ಲಿ ಬ್ಯುವೇರಿಯಾ ಎಂಬ ಬಿಳಿ ಶಿಲೀಂಧ್ರ ಈ ಹುಳವನ್ನು ಹಿಡಿಯುತ್ತದೆ; ಹೊಕ್ಕುಳಿನ ತೂತಿನ ಬಾಯಲ್ಲಿ ಬಿಳಿ ಬೂಷ್ಟು ಹಿಡಿದು ಸತ್ತ ಹುಳವನ್ನು ನೀವೂ ಕಂಡಿರಬಹುದು. ಈ ಕೆಲಸವನ್ನೆಲ್ಲ ಒಬ್ಬ ಸದಸ್ಯರು ನಿಷ್ಠೆಯಿಂದ ಮಾಡಿ, ಬೇಲಿಯಾಚೆಯವರು ಆಳು ಸಿಗಲಿಲ್ಲವೆಂದು ಉದುರನ್ನು ಹಾಗೆಯೇ ಬಿಟ್ಟರೆ ಹೂಮಳೆಯಾದ ಮೇಲೆ ಹುಳ ಬೇಲಿ ದಾಟಿ ಬರುತ್ತದೆ. ಮಾಡಿದವನಿಗೆ ಕೂಲಿಯೂ ದಂಡ, ಹುಳವೂ ತಪ್ಪಲಿಲ್ಲ. ಮರುವರ್ಷ ಅವನೂ ಡಬ್ಬದ ಕಡೆಗೇ ಹೊರಳುತ್ತಾನೆ.

ಕಾಂಡಕೊರಕದ ಕಥೆಯೂ ಅದೇ. ಏಪ್ರಿಲ್‌ಗೆ ಮುಂಚೆ ಒಮ್ಮೆ, ಅಕ್ಟೋಬರಿಗೆ ಮುಂಚೆ ಒಮ್ಮೆ ಹುಳ ಬಿದ್ದ ಗಿಡವನ್ನು ಗುರುತಿಸಿ ಕಿತ್ತು ಸುಡಬೇಕು. ನೆರಳು ಕಾಯಬೇಕು. ಕಾಂಡದ ಸಡಿಲ ತೊಗಟೆ ಉಜ್ಜಿ ಶೇ 10ರ ಸುಣ್ಣದ ನೀರು ಬಳಿಯಬೇಕು. ಆದರೆ ಕಿತ್ತ ಗಿಡವನ್ನು ಸೌದೆಗೆಂದು ಮನೆಯ ಹಿಂದೆ ಒಟ್ಟಿದ ಒಂದು ಮನೆ ಸಾಕು, ಊರಿನ ಅರೇಬಿಕಾಕ್ಕೆಲ್ಲ ಅಲ್ಲಿಂದ ಹುಳ ಹಾರುತ್ತದೆ. ಅಡಿಕೆಯ ಬೇರುಹುಳವೂ ಹಾಗೆಯೇ. ಮುಂಗಾರಿನ ಮೊದಲ ಮಳೆಗಳಾದ ಮೇಲೆ ಮುಸ್ಸಂಜೆಯ ಹೊತ್ತು ದುಂಬಿಗಳು ಮಣ್ಣಿನಿಂದ ಏಳುತ್ತವೆ. ಆ ಕೆಲವು ವಾರ ದಿನವೂ ಹಿಡಿದು ಕೊಂದರೆ ಮುಂದಿನ ಸಂತತಿಯೇ ಕಡಿಮೆ. ಅನಂತರ ಮಣ್ಣಿನಲ್ಲಿ ಉಳಿದ ಹುಳಕ್ಕೆ ಅದನ್ನು ಕೊಲ್ಲುವ ಜಂತುಹುಳುಗಳನ್ನು ಬಿಡಬಹುದು. ಒಬ್ಬನ ತೋಟದಲ್ಲಿ ಹಿಡಿದು, ಪಕ್ಕದಲ್ಲಿ ಬಿಟ್ಟರೆ ಪ್ರಯೋಜನವಿಲ್ಲ.

ನಮ್ಮ ಹಿರಿಯರು ನಾಟಿಗೆ, ಕೊಯ್ಲಿಗೆ, ಮನೆ ಹೊದಿಸುವುದಕ್ಕೆ ಮುಯ್ಯಾಳು ಮಾಡುತ್ತಿದ್ದರು. ಇವತ್ತು ನನ್ನ ತೋಟಕ್ಕೆ ಹತ್ತು ಜನ, ನಾಳೆ ನಿನ್ನ ತೋಟಕ್ಕೆ ಹತ್ತು ಜನ. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಅದಕ್ಕೆ ನಮಗೆ ಕಾಣುವ ಉತ್ತರ ಈ ಹಳೆಯ ಮುಯ್ಯಾಳೇ.

ಎರಡನೆಯ ತೊಡಕು ಮದ್ದಿನದು. ಟ್ರೈಕೋಡರ್ಮಾ, ಬ್ಯುವೇರಿಯಾ ಇವೆಲ್ಲ ಜೀವವುಳ್ಳವು. ಯೂರಿಯಾ ಚೀಲದಂತೆ ತಗಡಿನ ಮಾಡಿನ ಕೆಳಗೆ ವರ್ಷಗಟ್ಟಲೆ ಇಟ್ಟರೆ ಉಳಿಯುವುದು ಬರಿಯ ಪುಡಿ. ಹೇಳಲು ನಾಚಿಕೆಯಾದರೂ ಹೇಳಬೇಕು: ನಮ್ಮ ಮಳಿಗೆಯಲ್ಲೂ ಹಾಗೆ ಇಟ್ಟದ್ದುಂಟು, ಅವಧಿ ಮುಗಿಯುವ ಮುನ್ನವೇ ಸತ್ತುಹೋದದ್ದನ್ನು ಸದಸ್ಯರಿಗೆ ಮಾರಿದ್ದೂ ಇರಬಹುದು. ತಂದವರು ಕಾಳುಮೆಣಸಿನ ಬುಡಕ್ಕೆ ಹಾಕಿ, ಅದೇ ವಾರ ಅಲ್ಲಿಗೇ ಬೋರ್ಡೋ ಹುಯ್ದದ್ದೂ ಉಂಟು. ತಾಮ್ರ ಶಿಲೀಂಧ್ರವನ್ನು ಕೊಲ್ಲುತ್ತದೆ. ಇದು ಒಳ್ಳೆಯ ಶಿಲೀಂಧ್ರ, ಇದನ್ನು ಬಿಡೋಣ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಕೊನೆಗೆ ಎಲ್ಲರೂ ಸೇರಿ "ಜೈವಿಕವೆಲ್ಲ ಸುಳ್ಳು" ಎಂದೆವು. ಇದರ ಮೇಲೆ ಊರೂರಿಗೆ ಬರುವ, ನೋಂದಣಿ ಸಂಖ್ಯೆಯೇ ಇಲ್ಲದ ಬಣ್ಣದ ಬಾಟಲಿಗಳ ಹಾವಳಿ ಬೇರೆ. 1968ರ ಕೀಟನಾಶಕ ಕಾಯಿದೆಯ ಪ್ರಕಾರ ಜೈವಿಕ ಕೀಟನಾಶಕಕ್ಕೂ ನೋಂದಣಿ ಬೇಕು. ಯಾವ ಜೀವಿ, ಗ್ರಾಮಿಗೆ ಎಷ್ಟು ಜೀವಕಣ, ತಯಾರಾದ ದಿನ, ಅವಧಿ ಮುಗಿಯುವ ದಿನ, ಇಷ್ಟು ಬರೆದಿಲ್ಲದ ಬಾಟಲಿಯನ್ನು ಮುಟ್ಟದಿರುವುದೇ ಕ್ಷೇಮ.

ಈ ಎರಡು ತೊಡಕುಗಳನ್ನೂ ಒಬ್ಬ ಸಣ್ಣ ಬೆಳೆಗಾರ ಬಿಡಿಸಲಾರ. ಸಂಘ ಇರುವುದೇ ಇಂಥದ್ದಕ್ಕೆ. ಅದಕ್ಕಾಗಿ ಮುಂದಿನ ಮಹಾಸಭೆಯ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತಿದ್ದೇವೆ.

ಒಂದು. ಮಳಿಗೆಯಲ್ಲಿ ಕೇಳದೆ ಡಬ್ಬ ಕೊಡುವ ಪದ್ಧತಿ ನಿಲ್ಲಬೇಕು. ಹುಳ ಬಿದ್ದ ಎಲೆ, ಕಾಯಿ ಅಥವಾ ಬೇರನ್ನು ಸದಸ್ಯರು ಜೊತೆಗೆ ತರಬೇಕು. ಗುರುತು ಸಿಗದಿದ್ದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೋ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರಕ್ಕೋ ಸಂಘವೇ ಕಳುಹಿಸಿ ತಿಳಿದುಕೊಳ್ಳಬೇಕು.

ಎರಡು. ಜೀವಂತ ಮದ್ದನ್ನು ತಂಪಾಗಿಡಲು ಒಂದು ಪ್ರತ್ಯೇಕ ಕೋಣೆ ಬೇಕು. ಬೇಡಿಕೆಯನ್ನು ಮೊದಲೇ ಬರೆಸಿಕೊಂಡು, ಬೇಕಾದಷ್ಟನ್ನೇ, ಬೇಕಾದ ತಿಂಗಳಿಗೆ ತರಿಸಬೇಕು. ಟ್ರೈಕೋಡರ್ಮಾವನ್ನು ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಯಲ್ಲಿ ಬೆಳೆಸಿ ಸಿದ್ಧಗೊಬ್ಬರವಾಗಿ ಕೊಡುವ ಕೆಲಸವನ್ನು ಸಂಘದ ಅಂಗಳದಲ್ಲಿಯೇ ಆರಂಭಿಸಬಹುದು. ಇದಕ್ಕೆ ದೊಡ್ಡ ಯಂತ್ರ ಬೇಡ. ನೆರಳು, ತೇವ ಮತ್ತು ಶುಚಿ ಬೇಕು.

ಮೂರು. ಹತ್ತು ಹದಿನೈದು ತೋಟಗಳಿಗೆ ಒಂದು ಗುಂಪು ಮಾಡಿ, ಉದುರು ಹೆಕ್ಕುವುದು, ಬೋರರ್ ಗಿಡ ಸುಡುವುದು, ದುಂಬಿ ಹಿಡಿಯುವುದು, ಈ ಮೂರಕ್ಕೆ ಗುಂಪಿನಲ್ಲಿ ಎಲ್ಲರೂ ಒಂದೇ ವಾರ ಕೈಹಚ್ಚಬೇಕು. ಆಳಿಲ್ಲದ ಮನೆಗೆ, ವಯಸ್ಸಾದವರು ಮಾತ್ರ ಇರುವ ಮನೆಗೆ ಗುಂಪೇ ಆಳು ಕೊಡಬೇಕು. ಮಾಲೀಕರು ಬೆಂಗಳೂರಿನಲ್ಲಿದ್ದು ತೋಟ ಪಾಳು ಬಿದ್ದಿದ್ದರೆ ಸಂಘ ಅವರಿಗೆ ಕಾಗದ ಬರೆದು, ಅವರ ಖರ್ಚಿನಲ್ಲಿ ಆ ಕೆಲಸ ಮಾಡಿಸಬೇಕು.

ನಾಲ್ಕು. ಪ್ರತಿ ಗುಂಪಿನಲ್ಲಿ ಒಬ್ಬರು ತೋಟದ ಎರಡು ಸಾಲನ್ನು ಏನೂ ಹೊಡೆಯದೆ ಬಿಟ್ಟು, ಪಕ್ಕದ ಎರಡು ಸಾಲಿಗೆ ಜೈವಿಕ ಮದ್ದು, ಮತ್ತೆರಡಕ್ಕೆ ವಾಡಿಕೆಯ ಔಷಧಿ ಹಾಕಿ, ಹುಳದ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡಬೇಕು. ಫಲ ಬಂದರೂ ಬಾರದಿದ್ದರೂ ಅದನ್ನು ಈ ಪತ್ರಿಕೆಯಲ್ಲಿ ಹಾಗೆಯೇ ಅಚ್ಚು ಹಾಕುತ್ತೇವೆ. ಪ್ರಯೋಗದ ಸಾಲಿನಲ್ಲಿ ಫಸಲು ಕಳೆದುಕೊಂಡವರಿಗೆ ಆ ನಷ್ಟವನ್ನು ಸಂಘ ತುಂಬಿಕೊಡಬೇಕು. ಎಲ್ಲರ ಕಲಿಕೆಗಾಗಿ ಒಬ್ಬರ ಜೇಬು ಬರಿದಾಗಬಾರದು.

ಇದಕ್ಕೆಲ್ಲ ಹಣ ಎಲ್ಲಿಂದ ಎಂದು ಕೇಳುವಿರಿ. ಕೀಟನಾಶಕದ ಕಮಿಷನ್ನಿನಲ್ಲಿ ಒಂದು ಪಾಲನ್ನು ಮೂರು ವರ್ಷ ಈ ಕೆಲಸಕ್ಕೆ ಮೀಸಲಿಡೋಣ ಎಂಬುದು ನಮ್ಮ ಸೂಚನೆ. ಡಿವಿಡೆಂಡು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಕೆಲಸ ಕೈಗೂಡಿದರೆ ಆ ಕಮಿಷನ್ನೂ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಸಂಘದ ಲೆಕ್ಕದಲ್ಲಿ ಅದು ನಷ್ಟವಾಗಿಯೇ ಕಾಣುತ್ತದೆ. ಆದರೆ ಆ ಹಣ ಉಳಿಯುವುದು ಸದಸ್ಯರ ಮನೆಯಲ್ಲಿ. ಸದಸ್ಯರಿಗೆ ವಿಷ ಮಾರಿ ಬಂದ ಲಾಭದಲ್ಲಿ ಸದಸ್ಯರಿಗೇ ಡಿವಿಡೆಂಡು ಹಂಚುವುದು ಸಹಕಾರದ ಹೆಸರಿಗೆ ಒಪ್ಪುವ ವ್ಯವಹಾರವಲ್ಲ.

ಎಲ್ಲವೂ ಒಂದೇ ವರ್ಷದಲ್ಲಿ ಆಗುವ ಭರವಸೆ ನಾವು ಕೊಡಲಾರೆವು. ಮೊದಲ ವರ್ಷ ಕೆಲವರಿಗೆ ನಷ್ಟವೂ ಆದೀತು. ವಿಪರೀತ ಹುಳ ಬಿದ್ದ ತಾಕಿಗೆ ಆ ತಾಕಿನ ಮಟ್ಟಿಗೆ ಔಷಧಿ ಬೇಕಾದರೂ ಬೇಕಾದೀತು. ಆಗ ಕೈಗೆ ಗ್ಲೌಸು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಅಳತೆ ಮೀರದೆ ಹೊಡೆಯಿರಿ. ಈ ಮಾತನ್ನು ಹೇಳುವಾಗ ಒಂದು ಸಂಗತಿ ಮರೆಯಬಾರದು. ಪಂಪನ್ನು ಬೆನ್ನಿಗೇರಿಸಿ ಗಾಳಿಗೆ ಎದುರಾಗಿ ನಡೆಯುವವರು ಬಹುಪಾಲು ನಾವಲ್ಲ, ನಮ್ಮ ತೋಟದ ಆಳುಗಳು. ಅವರು ಸಂಜೆ ಅದೇ ಕೈಯಲ್ಲಿ ಮಗುವನ್ನು ಎತ್ತಿಕೊಳ್ಳುತ್ತಾರೆ. ಕೊಕ್ಕಡದ ಮನೆಗಳವರು ಆ ಔಷಧಿಯನ್ನು ಕೊಂಡವರಲ್ಲ, ಹೊಡೆದವರೂ ಅಲ್ಲ.

ಮಹಾಸಭೆಯ ತಿಳುವಳಿಕೆ ಪತ್ರ ತಮ್ಮ ಕೈ ಸೇರಲಿದೆ. ಕಾರ್ಯಕಲಾಪದಲ್ಲಿ ಈ ವಿಷಯವನ್ನು ಲೆಕ್ಕಪತ್ರಕ್ಕಿಂತ ಮೊದಲು ಇಡುವುದಕ್ಕೆ ಆಡಳಿತ ಮಂಡಳಿಯನ್ನು ಕೋರಿದ್ದೇವೆ. ಒಪ್ಪದವರೂ ಬನ್ನಿ, ಒಪ್ಪದ ಕಾರಣವನ್ನು ಹೇಳಿ. ಬರುವಾಗ ತಮ್ಮ ತೋಟದ ಹುಳ ಬಿದ್ದ ಕಾಯಿಯನ್ನೋ ಎಲೆಯನ್ನೋ ಕೊಟ್ಟೆಯಲ್ಲಿ ಕಟ್ಟಿ ತಂದರೆ ಅಲ್ಲಿಂದಲೇ ಕೆಲಸ ಶುರು ಮಾಡೋಣ.